ತಲ್ಮೀರದಲ್ಲಿ ನಾನು ಹಾಕಿದ ಸಹಿ

ಕೊಷಾರ್ ವಿಮಾನ ನಿಲ್ದಾಣ

ತಲ್ಮೀರ ದೇಶಕ್ಕೆ ಕಾಲಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ, ನನ್ನ ರಾಗಿ ಹುರಿಹಿಟ್ಟಿನ ಡಬ್ಬಿ ಅರ್ಧ ಖಾಲಿಯಾಗಿತ್ತು. ತಿಂದಿದ್ದು ನಾನಲ್ಲ. ಕಸ್ಟಮ್ಸ್‌ನ ದಪ್ಪ ಮೀಸೆಯವನೊಬ್ಬ ಮುಚ್ಚಳ ತೆಗೆದ, ಮೂಸಿದ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ರುಚಿ ಹಿಡಿಸಿರಬೇಕು. ಮೇಜಿನ ಖಾನೆಯಿಂದ ಪ್ಲಾಸ್ಟಿಕ್ ಕವರ್ ತೆಗೆದು ಅರ್ಧ ಹಿಟ್ಟು ಸುರಿದುಕೊಂಡು, ಡಬ್ಬಿಯ ಮುಚ್ಚಳ ಭದ್ರವಾಗಿ ಹಾಕಿ, ಎರಡೂ ಕೈಯಿಂದ ನನಗೆ ವಾಪಸು ಕೊಟ್ಟ. ಕಳ್ಳತನದಲ್ಲೂ ಅಷ್ಟು ಮರ್ಯಾದೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಏನಕ್ಕಾ ಇದು, ಹಿಟ್ಟಲ್ಲೂ ಪಾಲು ತಗೊಂತಾರೆ! ನಮ್ಮೋರೇ ವಾಸಿ," ಎಂದ ಜೊತೆಗಿದ್ದ ಮುನಿಶಾಮಪ್ಪ.

"ನಮ್ಮೋರಾಗಿದ್ರೆ ಡಬ್ಬೀನೂ ಬಿಡ್ತಿರ್ಲಿಲ್ಲ ಸುಮ್ನಿರಪ್ಪ," ಎಂದೆ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನವಳು, ಹೆಸರು ಯಶೋದಮ್ಮ. ಲಂಗ ಉಡುವ ವಯಸ್ಸಿನಿಂದ ಬಿಸಿನೀರಿನ ಬಾಣಲೆ ಮುಂದೆ ಕೂತು ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದವಳು. ಬೆರಳ ತುದಿಗಳು ಬೆಂದು ಬೆಂದು ಈಗಲೂ ಬೆಳ್ಳಗಿವೆ. ಆಮೇಲೆ ಓದಿಕೊಂಡು, ನೂಲು ಬಿಚ್ಚಲು ಕಲಿಸುವ ಒಂದು ಸಂಸ್ಥೆಯಲ್ಲಿ ಶಿಕ್ಷಕಿಯಾದೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಮುನಿಶಾಮಪ್ಪ ಚಿಂತಾಮಣಿಯ ಕಡೆಯವನು, ಅಂಬಾಜಿದುರ್ಗದ ಬುಡದಲ್ಲಿ ಅವನ ಮನೆ. ಯಾವ ಮೆಷಿನ್ನು ಕೆಟ್ಟರೂ ಅದರ ಜೊತೆ ತೆಲುಗಿನಲ್ಲಿ ಮಾತಾಡಿಕೊಂಡೇ ರಿಪೇರಿ ಮಾಡುವವನು. ಹಳ್ಳಿ ಹೆಂಗಸರಿಗೆ ರೇಷ್ಮೆ ಕೆಲಸ ಕಲಿಸಲು ಇಬ್ಬರು ಬೇಕೆಂದು ತಲ್ಮೀರದ ಸರ್ಕಾರ ಕೇಳಿತ್ತು. ಸಂಸ್ಥೆ ನಮ್ಮಿಬ್ಬರನ್ನು ಕಳಿಸಿತು. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಜಿಲ್ಲೆಯಾಗಿರಲಿಲ್ಲ.

ಹೊರಗೆ ನಮ್ಮನ್ನು ಕಾಯುತ್ತಿದ್ದವಳು ದಿಲ್ಯಾ ಎಂಬ ಹುಡುಗಿ, ನಮ್ಮ ದುಭಾಷಿ. ಬೆಂಗಳೂರಿನಲ್ಲಿ ಮೂರು ವರ್ಷ ಡಿಗ್ರಿ ಓದಿದ್ದಳಂತೆ. "ಆಂಟಿ, ಊಟ ಆಯ್ತಾ?" ಎಂದು ಅವಳು ಕನ್ನಡದಲ್ಲಿ ಕೇಳಿದಾಗ ಮುನಿಶಾಮಪ್ಪನ ಕಣ್ಣಲ್ಲಿ ನೀರೇ ಬಂತು.

ದಾರಿಯುದ್ದಕ್ಕೂ ಒಂದೇ ಕುಟುಂಬದ ಫೋಟೊಗಳು. ಸೇತುವೆಗೆ ಅಧ್ಯಕ್ಷನ ಹೆಸರು, ಆಸ್ಪತ್ರೆಗೆ ಅವನ ಹೆಂಡತಿಯ ಹೆಸರು, ಆಟದ ಮೈದಾನಕ್ಕೆ ಅಳಿಯನ ಹೆಸರು. ಜನ ಅವರ ಹೆಸರು ಹೇಳುತ್ತಿರಲಿಲ್ಲ, 'ಆ ಮನೆ' ಎನ್ನುತ್ತಿದ್ದರು. ಆ ಮನೆಯವರು ಸಿಮೆಂಟು ಮಾರುತ್ತಾರೆ, ಆ ಮನೆಯವರೇ ಸಿಮೆಂಟಿನ ಬೆಲೆ ಗೊತ್ತುಮಾಡುತ್ತಾರೆ. ಇದನ್ನು ಹೇಳುವಾಗ ದಿಲ್ಯಾ ಡ್ರೈವರನ ಕಡೆ ನೋಡಿ ದನಿ ತಗ್ಗಿಸಿದಳು.

ಇಲಾಖೆಯ ಮೂರನೇ ಮಹಡಿ

ಮರುದಿನ ಬೆಳಿಗ್ಗೆ ಇಲಾಖೆಯ ಕಚೇರಿ. ಸೋಫಾ ಎಷ್ಟು ಮೆತ್ತಗಿತ್ತೆಂದರೆ ಕೂತ ಮೇಲೆ ಏಳಲು ಮುನಿಶಾಮಪ್ಪ ನನ್ನ ಕೈ ಹಿಡಿದು ಎಳೆಯಬೇಕಾಯಿತು. ಅಧಿಕಾರಿ ನಗುನಗುತ್ತಾ ಮಾತಾಡಿದ. ಭದ್ರತೆಗೆಂದು ನಮ್ಮ ಪಾಸ್‌ಪೋರ್ಟು ಇಸಿದುಕೊಂಡ. ಆಮೇಲೆ ಒಂದು ಫೈಲು ತೆಗೆದು ಆರು ಬಿಳಿ ಹಾಳೆಗಳನ್ನು ನನ್ನ ಮುಂದಿಟ್ಟ. ಕೆಳಗೆ ಒಂದು ಗೆರೆ, ಗೆರೆಯ ಪಕ್ಕ ಒಂದು ಸೀಲು, ಮಿಕ್ಕಿದ್ದೆಲ್ಲ ಖಾಲಿ.

"ಹಾಜರಿ, ಖರ್ಚು, ವರದಿ ಎಲ್ಲಾ ಆಮೇಲೆ ಟೈಪ್ ಮಾಡ್ತಾರಂತೆ ಆಂಟಿ. ನೀವು ಸೈನ್ ಮಾತ್ರ ಹಾಕಿ," ಎಂದಳು ದಿಲ್ಯಾ. ಹೇಳುವಾಗ ಅವಳ ಮುಖ ಸ್ವಲ್ಪ ಬಾಡಿತ್ತು. ಅದನ್ನು ನಾನು ನೋಡಿಯೂ ನೋಡಲಿಲ್ಲ.

ಆರಕ್ಕೂ ಹಾಕಿದೆ. ಸರಸರ ಅಂತ ಹಾಕಿದೆ. ಯಾಕೆ ಹಾಕಿದೆ ಎಂದು ಇವತ್ತು ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರವಿದೆ: ನಮ್ಮ ಸಂಸ್ಥೆಯಲ್ಲಿ ನಾನು ಹದಿನೈದು ವರ್ಷದಿಂದ ಮಾಡುತ್ತಿದ್ದುದೇ ಅದು. ತರಬೇತಿಗೆ ಹೊರಡುವ ದಿನವೇ ಗುಮಾಸ್ತರು ಖಾಲಿ ಹಾಳೆ ಹಿಡಿದು ಬರುತ್ತಾರೆ. "ಮೇಡಂ, ಆಮೇಲೆ ನೀವೆಲ್ಲೋ ನಾನೆಲ್ಲೋ, ಈಗ್ಲೇ ಒಂದು ಸಹಿ ಹಾಕ್ಬಿಡಿ, ನಾನು ತುಂಬ್ಕೊತೀನಿ." ಹಾಕದಿದ್ದರೆ ಅವರ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ. ಹಾಗಾಗಿ ಸಹಿ ಹಾಕುವುದು ನಮ್ಮಲ್ಲಿ ಒಂದು ಸೌಜನ್ಯ. ಆ ದರಿದ್ರ ಸೌಜನ್ಯವನ್ನು ನಾನು ವಿಮಾನದಲ್ಲಿ ಹೊತ್ತುಕೊಂಡು ಹೋಗಿದ್ದೆ.

ಬೆಲ್ದಿರ್

ಬೆಲ್ದಿರ್ ಹಳ್ಳಿ ರಾಜಧಾನಿಯಿಂದ ಅರ್ಧ ದಿನದ ದಾರಿ. ಬೋಳು ಬೆಟ್ಟಗಳು, ಬಂಡೆಗಳು, ಕೆಂಪು ನೆಲ. ನಮ್ಮ ಕಡೆಯ ಸ್ಕಂದಗಿರಿ ಬೆಟ್ಟದ ಹಿಂಬದಿಯಲ್ಲಿ ಇಳಿದ ಹಾಗೆ ಅನ್ನಿಸಿ ನನಗೆ ಖುಷಿಯಾಯಿತು. ಊರಿನವರು ಟೀ ಕೊಟ್ಟರು. ಅವರ ಟೀಯಲ್ಲಿ ತಳಕ್ಕೆ ಒಂದು ಒಣಗಿದ ಜರ್ದಾಲು ಹಣ್ಣು, ಅದೇ ಏಪ್ರಿಕಾಟ್, ಹಾಕುತ್ತಾರೆ. ಕುಡಿದು ಮುಗಿಸಿ ಹಣ್ಣು ತಿಂದು, ಬೀಜವನ್ನು ತಟ್ಟೆಯ ಅಂಚಿನಲ್ಲಿಡಬೇಕು. ಬೀಜ ಇಡುವವರೆಗೆ ಯಾರೂ ಮುಖ್ಯ ಮಾತು ಎತ್ತುವುದಿಲ್ಲ. ಮುನಿಶಾಮಪ್ಪ ಬೀಜವನ್ನೂ ಕಡಿಯಲು ಹೋಗಿ ಹಲ್ಲು ಹಿಡಿದುಕೊಂಡು ಕೂತ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವರೆಲ್ಲ ಒಟ್ಟಿಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬೀಜ ಇಟ್ಟ ಮೇಲೆ ಝೆರಾ ಮಾತು ಶುರುಮಾಡಿದಳು. ಅರವತ್ತರ ಹತ್ತಿರದ ಹೆಂಗಸು, ನನಗಿಂತ ಎತ್ತರ, ನನಗಿಂತ ಸಿಟ್ಟು. ಅವಳು ಹೇಳಿದ್ದನ್ನು ದಿಲ್ಯಾ ಬಿಡಿಸಿ ಹೇಳಿದಳು.

ಆ ಊರಿನ ಹೊಲವೆಲ್ಲ ಹೆಂಗಸರ ಹೆಸರಿನಲ್ಲಿದೆ, ಅದು ಅವರ ಕಡೆಯ ಪದ್ಧತಿ. ಹೊಲದ ತುಂಬ ಜರ್ದಾಲು ಮರಗಳಿದ್ದವು. ಸರ್ಕಾರ ಬಂದು, ಮರ ಕಡಿಯಿರಿ, ಹಿಪ್ಪುನೇರಳೆ ಹಾಕಿ, ರೇಷ್ಮೆಯಲ್ಲಿ ಚೆನ್ನಾಗಿ ಬದುಕುತ್ತೀರಿ ಎಂದಿತು. ಒಪ್ಪದವರ ಮರಗಳನ್ನು ಪೊಲೀಸರೇ ನಿಂತು ಕಡಿಸಿದರು. ಹೊರದೇಶಗಳು ಕೊಟ್ಟ ಹಣವನ್ನು ಆ ಮನೆ ನುಂಗಿ ನೀರು ಕುಡಿಯಿತು. ಹುಳುವಿನ ಮೊಟ್ಟೆ ಒಂದೇ ಒಂದು ಸಲ ಬಂತು, ಅದರಲ್ಲೂ ಬದುಕಿದ್ದು ಕೆಲವೇ ಹುಳು. ಈಗ ಕಾಯಿದೆಯಲ್ಲಿ ಒಂದು ಕೊಕ್ಕೆ ಇದೆ: ಯೋಜನೆ ಹೆಂಗಸರ ತಪ್ಪಿನಿಂದ ಕೆಟ್ಟರೆ ಹೊಲವೆಲ್ಲ ಅಧ್ಯಕ್ಷನ ಅಳಿಯನ ಕಂಪನಿಗೆ. ತಪ್ಪು ಯಾರದು ಎಂದು ಹೇಳಬೇಕಾದವರು ಹೊರಗಿನಿಂದ ಬಂದ ತಜ್ಞರು.

"ಅಂದ್ರೆ ನೀವು, ಆಂಟಿ," ಎಂದಳು ದಿಲ್ಯಾ.

"ತೋರಿಸಿ ಗೂಡನ್ನ," ಎಂದೆ.

ಸರ್ಕಾರ ಕಲಿಕೆಗೆಂದು ಕೊಟ್ಟ ಗೂಡಿನ ಚೀಲ ಬಿಚ್ಚಿದರು. ಕೈ ಹಾಕಿದೆ, ಒಂದನ್ನು ಎತ್ತಿದೆ, ಮೈಯೆಲ್ಲ ಉರಿದುಹೋಯಿತು. ಅಷ್ಟೂ ತೂತು ಗೂಡು. ಚಿಟ್ಟೆ ಕೊರೆದುಕೊಂಡು ಹಾರಿಹೋದ ಮೇಲೆ ಉಳಿಯುವ ಸಿಪ್ಪೆ. ಎಳೆಯೆಲ್ಲ ತುಂಡಾಗಿರುವ ಅದರಿಂದ ನೂಲು ಬಿಚ್ಚಲು ಯಾರಿಂದಲೂ ಆಗುವುದಿಲ್ಲ. ನಮ್ಮ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಅದನ್ನು ತಂದು ಗೂಡು ಎಂದರೆ ಅಟ್ಟಾಡಿಸಿಕೊಂಡು ಹೊಡೆಯುತ್ತಾರೆ. ಇದನ್ನು ಕೊಟ್ಟು, ನೂಲು ತೆಗೆಯಿರಿ ನೋಡೋಣ ಎಂದು ಈ ಹೆಂಗಸರನ್ನು ಒಂದು ವರ್ಷ ಬಿಸಿನೀರಿನ ಮುಂದೆ ಕೂರಿಸಿದ್ದರು. ಬೆರಳು ಸುಟ್ಟುಕೊಂಡಿದ್ದರು ಪಾಪ. ತಮಗೇ ಬುದ್ಧಿ ಸಾಲದು ಎಂದುಕೊಂಡಿದ್ದರು. ನನ್ನ ಹೊಟ್ಟೆ ಉರಿದಿದ್ದು ಅದಕ್ಕೆ.

"ಹೇಳಮ್ಮ ಇವ್ರಿಗೆ," ಎಂದೆ ದಿಲ್ಯಾಗೆ. "ತಪ್ಪು ಇವ್ರದ್ದಲ್ಲ. ವರದಿ ಬರೆಯೋಳು ನಾನು. ಇದ್ದಿದ್ದನ್ನ ಇದ್ದ ಹಾಗೇ ಬರೀತೀನಿ. ನನ್ನ ಸಹಿ ಇಲ್ದೆ ಒಂದು ಗೇಣು ನೆಲಾನೂ ಯಾವನೂ ಮುಟ್ಟಕ್ಕಾಗಲ್ಲ."

ಹೇಳುವಾಗ ಆ ಆರು ಹಾಳೆ ನೆನಪಾಗಲೇ ಇಲ್ಲ. ನಿಜ ಹೇಳುತ್ತೇನೆ, ತಲೆಗೇ ಬರಲಿಲ್ಲ.

ಝೆರಾ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಬುಟ್ಟಿ ತೋರಿಸಿದಳು. ಆ ಒಂದು ಸಲ ಬದುಕಿದ ಹುಳುಗಳನ್ನು ಹಿತ್ತಲಲ್ಲಿ ತಾನೇ ಸಾಕಿ, ಗೂಡು ಕಟ್ಟಿಸಿ, ಬಿಸಿಲಿಗೆ ಒಣಗಿಸಿ ಇಟ್ಟಿದ್ದಳು. ಗಟ್ಟಿ ಗೂಡು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಒಣಗಿದ ಹುಳು ಟಕಟಕ ಎನ್ನುತ್ತಿತ್ತು. ಮುನಿಶಾಮಪ್ಪ ಸರ್ಕಾರ ಕೊಟ್ಟಿದ್ದ, ಊರಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕೈ ಚರಕವನ್ನು ಎರಡು ದಿನ ಬೈದು, ಮುದ್ದುಮಾಡಿ ಸರಿಮಾಡಿದ. ಅದರಲ್ಲಿ ಝೆರಾ ಮೂರೇ ದಿನಕ್ಕೆ ನೂಲು ಬಿಚ್ಚಲು ಕಲಿತಳು. ನಾನು ಕಲಿಯಲು ಒಂದು ವರ್ಷ ತೆಗೆದುಕೊಂಡಿದ್ದೆ.

ತೆರಾಕ್ ಚೌಕ

ಮೂರನೇ ವಾರ ಬೆಲ್ದಿರ್‌ಗೆ ಒಂದು ಜೀಪು ಬಂದು ಹೊಲಗಳಿಗೆ ಕಂಪನಿಯ ಕೆಂಪು ಬಾವುಟ ನೆಟ್ಟು ಹೋಯಿತು. ಕಾರಣ ಕೇಳಿದರೆ ಜಿಲ್ಲಾ ಕಚೇರಿಯಲ್ಲಿ ಕೇಳಿ ಎಂದರು. ಸುತ್ತಲಿನ ಹತ್ತಾರು ಹಳ್ಳಿಗಳಲ್ಲೂ ಹಾಗೆಯೇ ಬಾವುಟ ನೆಟ್ಟಿದ್ದರು. ಮರುದಿನ ಅಷ್ಟೂ ಹಳ್ಳಿಗಳ ಹೆಂಗಸರು ಜಿಲ್ಲಾ ಕೇಂದ್ರ ತೆರಾಕ್‌ಗೆ ಹೊರಟರು, ಹಿಂದೆ ಗಂಡಸರು. ಸರ್ಕಾರದ ಚರಕ ಸರ್ಕಾರದ ಮುಖಕ್ಕೇ ಎಸೆಯುತ್ತೇವೆ ಎಂದು ಅದನ್ನೂ ಬಾಣಲೆಯನ್ನೂ ತೂತು ಗೂಡಿನ ಚೀಲವನ್ನೂ ಹೇಸರಗತ್ತೆಯ ಗಾಡಿಗೆ ಹೇರಿದರು. ಝೆರಾ ತನ್ನ ಬುಟ್ಟಿಯನ್ನೂ ಇಟ್ಟಳು. ನಾವೂ ಹೊರಟೆವು. "ನಮಗ್ಯಾಕಕ್ಕಾ ಬೇರೆ ದೇಶದ ಗಲಾಟೆ, ಪಾಸ್‌ಪೋರ್ಟು ಬೇರೆ ಅವ್ರ ಹತ್ರ ಐತೆ," ಎಂದು ಗೊಣಗುತ್ತಲೇ ಮುನಿಶಾಮಪ್ಪ ಗಾಡಿ ಹತ್ತಿ ಚರಕ ಅಲ್ಲಾಡದಂತೆ ಹಿಡಿದು ಕೂತ.

ಪ್ರತಿಯೊಬ್ಬಳ ಸೆರಗಿನಲ್ಲೂ ಒಂದು ಗಂಟು. ಏನೆಂದು ಕೇಳಿದರೆ ಯಾರೂ ಹೇಳಲಿಲ್ಲ. ಕಚೇರಿಯ ಮೆಟ್ಟಿಲ ಬಳಿ ಬಂದಾಗ ಗೊತ್ತಾಯಿತು. ಸಾಲಾಗಿ ಬಂದು ಒಬ್ಬೊಬ್ಬಳೂ ಗಂಟು ಬಿಚ್ಚಿ ಜರ್ದಾಲು ಬೀಜ ಸುರಿದಳು. ಕಡಿದ ಒಂದೊಂದು ಮರಕ್ಕೆ ಒಂದೊಂದು ಬೀಜ. ಟೀ ಕುಡಿದು ಬೀಜ ಇಟ್ಟಾಯಿತು, ಈಗ ಮಾತಾಡು ಎಂದು ಅದರ ಅರ್ಥ. ಮೆಟ್ಟಿಲುಗಳು ಕಾಣದಷ್ಟು ಬೀಜ ಬಿತ್ತು. ಕೂಗಾಟವಿಲ್ಲ, ಘೋಷಣೆಯಿಲ್ಲ, ಬೀಜ ಬೀಳುವ ಸದ್ದು ಮಾತ್ರ. ಲಾಠಿ ಹಿಡಿದ ಪೊಲೀಸರಿಗೆ ಯಾರನ್ನು ಹೊಡೆಯಬೇಕೆಂದು ತಿಳಿಯಲಿಲ್ಲ.

ಜಿಲ್ಲಾಧಿಕಾರಿ ಬಾಲ್ಕನಿಗೆ ಬಂದು ಮೈಕು ಹಿಡಿದ. ಒಂದು ಕಾಗದ ಓದಿದ. ನಡುವೆ ನನ್ನ ಹೆಸರು ಕೇಳಿಸಿತು.

"ಅಕ್ಕಾ! ನಿನ್ ಹೆಸರು ಹೇಳಿದ್ನಕ್ಕಾ!" ಮುನಿಶಾಮಪ್ಪನ ಮುಖ ಹಿಗ್ಗಿತು.

ದಿಲ್ಯಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಆಂಟಿ... ಗೂಡು ಒಳ್ಳೇದಿತ್ತು, ಮೆಷಿನ್ ಒಳ್ಳೇದಿತ್ತು, ಈ ಹೆಂಗಸರು ಸೋಮಾರಿಗಳು, ಇವರಿಗೆ ಕಲಿಯೋಕೆ ಬುದ್ಧಿ ಇಲ್ಲ, ನೆಲ ಕಂಪನಿಗೆ ಕೊಡಿ ಅಂತ ಇಂಡಿಯಾದ ತಜ್ಞೆ ಬರೆದುಕೊಟ್ಟಿದ್ದಾರೆ. ಸೈನ್ ನಿಮ್ದು ಅಂತಿದ್ದಾರೆ."

ಆಗ ನೆನಪಾಯಿತು, ಆರು ಹಾಳೆ, ಗೆರೆ, ಸೀಲು. ಝೆರಾ ತಿರುಗಿ ನನ್ನನ್ನು ನೋಡಿದಳು. ಅವಳ ಹಿಂದಿದ್ದವರೆಲ್ಲ ನೋಡಿದರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮರುಕ್ಷಣವೇ ಎಂಥಾ ಸಿಟ್ಟು ಬಂತೆಂದರೆ, ಆ ಬಾಲ್ಕನಿಯವನ ಮೇಲೆ, ಆ ಮೆತ್ತನೆ ಸೋಫಾದವನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಈ ಬಲಗೈ ಮೇಲೆ, ನಾನು ಗಾಡಿ ಹತ್ತಿ ನಿಂತು ಕನ್ನಡದಲ್ಲೇ ಕಿರುಚಿದೆ.

"ಸಹಿ ನಂದೇ! ಹಾಳೆ ಖಾಲಿ ಇತ್ತು! ಬಂದ ಮೊದಲನೇ ದಿನ ಹಾಕಿಸ್ಕೊಂಡ, ನಾನು ಮುಠ್ಠಾಳಿ ಹಾಕ್ದೆ! ಇವ್ರ ಮುಖಾನೂ ನೋಡಿರ್ಲಿಲ್ಲ ನಾನವತ್ತು!"

ದಿಲ್ಯಾ ಪಕ್ಕದಲ್ಲಿ ನಿಂತು ಅಷ್ಟೇ ಜೋರಾಗಿ ಅವರ ಭಾಷೆಯಲ್ಲಿ ಕಿರುಚಿದಳು. ಝೆರಾ ಏನೋ ಕೇಳಿದಳು.

"ನಿಮ್ಮ ದೇಶದಲ್ಲಿ ಖಾಲಿ ಹಾಳೆಗೆ ಸೈನ್ ಹಾಕ್ತಾರಾ ಅಂತ ಕೇಳ್ತಿದ್ದಾಳೆ ಆಂಟಿ."

"ಹೂಂ, ಹಾಕ್ತೀವಿ ಅಂತ ಹೇಳು."

ಝೆರಾ ನನ್ನನ್ನು ಸಮಾಧಾನ ಮಾಡಲಿಲ್ಲ. ಗಾಡಿಯಿಂದ ಚರಕ ಇಳಿಸಿ ಎಂದು ತನ್ನವರಿಗೆ ಹೇಳಿದಳು. ಮುನಿಶಾಮಪ್ಪ ಒಲೆ ಹೂಡಿದ, ನೀರು ಕಾಯಿಸಿದ. ಮೊದಲು ಸರ್ಕಾರದ ತೂತು ಗೂಡು ನೀರಿಗೆ ಬಿತ್ತು. ನಾನೇ ಕೂತು ಎಳೆದೆ. ಎಳೆ ಗೇಣುದ್ದ ಬರುವುದು, ತುಂಡಾಗುವುದು. ಗೇಣುದ್ದ, ತುಂಡು. ಒಂದೊಂದು ಸಲ ತುಂಡಾದಾಗಲೂ ಕೈಯೆತ್ತಿ ತೋರಿಸಿದೆ. ಆಮೇಲೆ ನಾನೆದ್ದೆ, ಝೆರಾ ಕೂತಳು, ಅವಳ ಬುಟ್ಟಿಯ ಗೂಡು ಬಾಣಲೆಗೆ ಬಿತ್ತು. ಕಡ್ಡಿಯಿಂದ ತಿರುವಿ ಎಳೆ ಹುಡುಕಿದಳು, ಜೋಡಿಸಿದಳು, ಚರಕ ತಿರುಗಿತು. ನೂಲು ಬಂತು. ಬರುತ್ತಲೇ ಇತ್ತು, ನಿಲ್ಲಲೇ ಇಲ್ಲ. ಬಿಸಿಲಿನಲ್ಲಿ ಅದು ಹೊಳೆಯುವುದನ್ನು ಚೌಕಕ್ಕೆ ಚೌಕವೇ ನೋಡಿತು.

"ಇದೆಲ್ಲ ನಾಟಕ," ಎಂದ ಮೈಕಿನವನು. ಅಷ್ಟು ಸಾಕಾಯಿತು. ಜನ ಮುಂದಕ್ಕೆ ನಡೆದರು. ಪೊಲೀಸರು ಪಕ್ಕಕ್ಕೆ ಸರಿದರು. ಅಧಿಕಾರಿ ಕಾರಿಗೆ ಓಡಲು ಮೆಟ್ಟಿಲಿಳಿದ, ಬೀಜದ ಮೇಲೆ ಕಾಲಿಟ್ಟು ಜಾರಿ, ಕುಂಡೆ ಊರಿ ಕೂತ. ಏಳಲು ಹೋದ, ಮತ್ತೆ ಜಾರಿದ. ಯಾರೂ ಹೊಡೆಯಲಿಲ್ಲ, ಯಾರೂ ಕೈಯನ್ನೂ ಕೊಡಲಿಲ್ಲ. ಅಂಬೆಗಾಲಿಟ್ಟುಕೊಂಡೇ ಕಾರಿನವರೆಗೆ ಹೋದ.

ಮತ್ತೆ ಕೊಷಾರ್

ಆ ವಾರ ಊರೂರಿನ ಕಚೇರಿಗಳ ಮುಂದೆ ಬೀಜ ಸುರಿದರು. ಸಿಮೆಂಟು ಹೊತ್ತವರು, ಮೇಷ್ಟರುಗಳು, ಬಸ್ ಡ್ರೈವರುಗಳು ಸೇರಿಕೊಂಡರು. ಒಂದೆರಡು ಕಡೆ ಗುಂಡು ಹಾರಿತು, ಜನ ಸತ್ತರು. ಅದನ್ನು ಕೇಳಿ ಇನ್ನಷ್ಟು ಜನ ಬೀದಿಗೆ ಬಂದರು. ಕೊನೆಗೆ ಒಂದು ಮಧ್ಯಾಹ್ನ ಆ ಮನೆಯವರೆಲ್ಲ ವಿಮಾನ ಹತ್ತಿದರಂತೆ. ನಾವು ಕೊಷಾರ್‌ಗೆ ಬಂದಾಗ ಇಲಾಖೆಯ ಬಾಗಿಲು ತೆರೆದಿತ್ತು. ಮೂರನೇ ಮಹಡಿಯಲ್ಲಿ ಮುನಿಶಾಮಪ್ಪ ಸ್ಕ್ರೂಡ್ರೈವರಿನಿಂದ ಮೇಜಿನ ಖಾನೆ ಮೀಟಿ ನಮ್ಮ ಪಾಸ್‌ಪೋರ್ಟು ತೆಗೆದ. ಅದರ ಕೆಳಗೆ ಇನ್ನೂ ಎಷ್ಟೋ ಹಾಳೆಗಳಿದ್ದವು. ಬೇರೆ ಬೇರೆ ದೇಶದವರ ಸಹಿ, ಮೇಲೆಲ್ಲ ಖಾಲಿ. ನನ್ನಂಥವರು ಇನ್ನೂ ಇದ್ದಾರಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು. ಹಾಗೆ ಸಮಾಧಾನವಾಗಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೇಲೂರು, ಗೌರಿಬಿದನೂರು

ಊರಿಗೆ ಬಂದು ಎರಡು ತಿಂಗಳಿಗೆ ದಿಲ್ಯಾ ಫೋನ್ ಮಾಡಿದಳು. ಆ ಮನೆ ಹೋಯಿತು, ಅಳಿಯನ ಕಂಪನಿ ಹೋಗಿಲ್ಲ. ನನ್ನ ಸಹಿಯ ಕಾಗದ ಹಿಡಿದು ಕೋರ್ಟಿಗೆ ಹೋಗಿದೆ. ಚೌಕದಲ್ಲಿ ಕಿರುಚಿದ್ದು ಲೆಕ್ಕಕ್ಕಿಲ್ಲವಂತೆ, ಬರವಣಿಗೆಯಲ್ಲಿ ಬೇಕಂತೆ. "ಝೆರಾ ಹೊಲದಲ್ಲೇ ಮಲಗ್ತಾಳೆ ಆಂಟಿ, ಎದ್ದು ಬರಲ್ಲ ಅಂತಾಳೆ," ಎಂದಳು.

ನಮ್ಮ ಸಂಸ್ಥೆಯ ಮುಖ್ಯಸ್ಥರ ಹತ್ತಿರ ಹೋದೆ. ಖಾಲಿ ಹಾಳೆಗೆ ಸಹಿ ಹಾಕಿದ್ದೆಂದು ಸಂಸ್ಥೆಯ ಕಡೆಯಿಂದ ಒಂದು ಪತ್ರ ಕೊಡಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಶೋದಮ್ಮ, ತಲೆ ಸರಿಯಿದ್ಯಾ ನಿಮ್ಗೆ? ಅಲ್ಲಿ ಖಾಲಿ ಹಾಳೆಗೆ ಹಾಕ್ದೆ ಅಂತ ಬರ್ಕೊಟ್ರೆ, ಇಲ್ಲಿ ಯಾವ್ಯಾವುದಕ್ಕೆ ಹಾಕಿದ್ದೀರ ಅಂತ ಕೇಳಲ್ವೇನ್ರಿ? ನಾನು ಕೊಡಲ್ಲ. ನೀವಾಗಿ ನೀವು ಬರ್ಕೊಟ್ರೆ ವಿಚಾರಣೆ ಆಗತ್ತೆ, ನೋಡ್ಕೊಳಿ."

"ಆಗ್ಲಿ ಸಾರ್," ಎಂದು ಎದ್ದುಬಂದೆ.

ನಾನೇ ಬರೆದೆ. ನೋಟರಿ ಹತ್ತಿರ ಹೋಗಿ ಮೊಹರು ಹಾಕಿಸಿ ಕಳಿಸಿದೆ. ಮುನಿಶಾಮಪ್ಪ ಸಾಕ್ಷಿ ಹಾಕಿದ, ಹಾಕುವ ಮುಂಚೆ ಇಡೀ ಕಾಗದವನ್ನು ನನ್ನಿಂದ ಗಟ್ಟಿಯಾಗಿ ಓದಿಸಿಕೊಂಡ. ಮಳೆಗಾಲ ಮುಗಿಯುವ ಹೊತ್ತಿಗೆ ಕೋರ್ಟು ಕಂಪನಿ ತಂದಿದ್ದ ಆ ಸುಳ್ಳು ವರದಿಯನ್ನು ಹೊಡೆದುಹಾಕಿತು. ಹೊಲ ಹೆಂಗಸರಿಗೇ ಉಳಿಯಿತು. ಇಲ್ಲಿ ನನ್ನ ಮೇಲೆ ವಿಚಾರಣೆ ಶುರುವಾಗಿತ್ತು, ಅಮಾನತಾಗಿ ಮನೆಯಲ್ಲಿ ಕೂತಿದ್ದೆ. ಫೋನಿನಲ್ಲಿ ದಿಲ್ಯಾ ಅಳುತ್ತಿದ್ದಳು, ಹಿಂದೆ ಝೆರಾಳ ದೊಡ್ಡ ಗಂಟಲು ಕೇಳಿಸುತ್ತಿತ್ತು. ನಾನೂ ಅತ್ತೆ.

ಫೋನು ಇಟ್ಟ ಮೇಲೆ ಮುಖ್ಯಸ್ಥರ ಮಾತು ನನ್ನನ್ನು ಬಿಡಲಿಲ್ಲ. ಇಲ್ಲಿ ಯಾವ್ಯಾವುದಕ್ಕೆ ಹಾಕಿದ್ದೀರ? ಹದಿನೈದು ವರ್ಷದ ಹಾಳೆಗಳು. ಅವುಗಳ ಮೇಲೆ ಯಾರು ಏನು ತುಂಬಿಕೊಂಡರು, ಅದರಿಂದ ಯಾರಿಗೆ ಏನು ಸಿಗದೆ ಹೋಯಿತು, ನನಗೆ ಗೊತ್ತಿಲ್ಲ. ಸಾವಿರಾರು ಮೈಲಿ ದೂರದ ಝೆರಾಳಿಗಾಗಿ ಗಾಡಿ ಹತ್ತಿ ಕಿರುಚಿದವಳಿಗೆ, ಎರಡು ಬಸ್ಸು ಬದಲಾಯಿಸಿದರೆ ಸಿಗುವ ಹಳ್ಳಿಗಳ ಬಗ್ಗೆ ಏನೂ ಗೊತ್ತಿಲ್ಲ. ಥೂ ಅನ್ನಿಸಿತು.

ಒಂದು ಹಳ್ಳಿ ಮಾತ್ರ ನೆನಪಿತ್ತು. ಗೌರಿಬಿದನೂರಿನ ಆಚೆಗಿರುವುದು, ಹೆಸರಿದ್ದ ಫೈಲನ್ನು ನಾನೇ ಕಪಾಟಿಗೆ ಎತ್ತಿಟ್ಟಿದ್ದೆ. ಅಲ್ಲಿನ ಹೆಂಗಸರಿಗೆ ನಾನು ತರಬೇತಿ ಕೊಟ್ಟೆನೆಂದೂ ಅವರಿಗೆ ಆಸಕ್ತಿ ಇರಲಿಲ್ಲವೆಂದೂ ಅದರಲ್ಲಿತ್ತು, ಕೆಳಗೆ ನನ್ನ ಸಹಿ. ಆ ಊರಿಗೆ ನಾನು ಕಾಲಿಟ್ಟೇ ಇರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದೆ. ಊರ ಮೊದಲನೇ ಮನೆಯ ಮುಂದೆ ಒಬ್ಬಳು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ರೇಷ್ಮೆ ತರಬೇತಿಯ ವಿಷಯಕ್ಕೆ ಬಂದೆ ಎಂದೆ.

"ಯಾವ ತರಬೇತೀನಮ್ಮಾ?" ಎಂದಳು. "ಕೊಡ್ತೀವಿ, ಮೆಷಿನ್ನೂ ಕೊಡ್ತೀವಿ ಅಂತ ಹೆಸರು ಬರ್ಕೊಂಡ್ ಹೋದ್ರು. ಮೇಡಂ ಬರ್ತಾರೆ ಅಂತ ಒಂದು ವರ್ಷ ಕಾದ್ವಿ. ಯಾರೋ ಬಂದಿದ್ರಂತೆ, ನಮಗೇ ಇಷ್ಟ ಇಲ್ಲ ಅಂತ ಬರ್ಕೊಟ್ರಂತೆ. ಯಾವಳೋ ಏನೋ, ಅವಳ ಕೈ ಸೇದಿಹೋಗ."

ಚಪ್ಪಲಿ ಬಿಟ್ಟು ಜಗಲಿ ಹತ್ತಿ ಅವಳ ಎದುರಿಗೆ ಕೂತೆ. ನನ್ನ ಹೆಸರು ಹೇಳಿದೆ.